ಮನಸ್ಸಿಗೆಂದು ತಗೊಳ್ಳುವ ಸಪ್ಲಿಮೆಂಟ್: ಅದೂ ಗುಳಿಗೆಯ ಲೆಕ್ಕದಲ್ಲೇ ಇರಲಿ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಹೆಕ್ಕಿ ತಂದ ಹಣ್ಣಿನ ಸಿಪ್ಪೆ ಬಿಡಿಸಿ, ಬಿಸಿಲೇ ಕಾಣದ ಆ ದಿನಗಳಲ್ಲಿ ಬೆಂಕಿಯ ಕಾವಿಗೆ ಒಣಗಿಸುತ್ತಾರೆ. ಬೀಜದಿಂದ ತುಪ್ಪ ತೆಗೆದು ಅಡುಗೆಗೆ ಬಳಸುವ ಮನೆಗಳು ಈಗಲೂ ಇವೆ. ಒಣಗಿ ಕಪ್ಪಾದ ಸಿಪ್ಪೆ ಮಾತ್ರ ವ್ಯಾಪಾರಿಗಳ ಕೈ ಸೇರಿ ದೂರದೂರಿಗೆ ಹೋಗುತ್ತದೆ. ಅದರ ಹುಳಿಯ ಸಾರ ತೆಗೆದು, ಕ್ಯಾಪ್ಸೂಲಿಗೆ ತುಂಬಿ, 'ಗಾರ್ಸೀನಿಯಾ ಕ್ಯಾಂಬೋಜಿಯಾ' ಎಂಬ ಹೆಸರಲ್ಲಿ ಮಾರುತ್ತಾರೆ. ಹೆಚ್ಚಾಗಿ ತೂಕ ಇಳಿಸಲು. ಮನಸ್ಸೂ ಹಗುರಾಗುತ್ತದೆ ಎಂಬ ಮಾತನ್ನು ಕೆಲವರು ಅದಕ್ಕೆ ಸೇರಿಸುತ್ತಾರೆ.

ನಮ್ಮ ಕಾಡಿನ ಹುಳಿ ತಾನೇ, ಅದರಿಂದ ಏನಾಗುತ್ತದೆ ಅಂತ ಅನಿಸುವುದು ಸಹಜ. ಆದರೆ ಆ ಸಾರದ ಕ್ಯಾಪ್ಸೂಲ್ ತಗೊಂಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಿದ್ದೆ ಬಿಟ್ಟು, ಮನಸ್ಸು ವಿಪರೀತ ಏರಿ, ಹಿಡಿತ ತಪ್ಪಿದವರ ಪ್ರಕರಣಗಳೂ ಇವೆ. ಖಿನ್ನತೆಯ ಗುಳಿಗೆಯ ಜೊತೆ ಇದನ್ನೂ ನುಂಗಿ ತೊಂದರೆಗೆ ಸಿಕ್ಕವರ ವರದಿಯೂ ಇದೆ. ಇಂಥವು ಅಪರೂಪ, ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಆದರೆ ಅಡುಗೆಯಲ್ಲಿ ಬೀಳುವ ಹುಳಿಯ ಪ್ರಮಾಣ ಬೇರೆ, ತಿಂಗಳುಗಟ್ಟಲೆ ದಿನವೂ ನುಂಗುವ ಸಾರದ ಪ್ರಮಾಣ ಬೇರೆ.

ಮನಸ್ಸನ್ನು ಬದಲಿಸುವಷ್ಟು ಬಲ ಯಾವುದಕ್ಕಾದರೂ ಇದ್ದರೆ, ಮೈ ಕೆಡಿಸುವ ಬಲವೂ ಅದಕ್ಕಿರುತ್ತದೆ. ಬಲವೇ ಇಲ್ಲದಿದ್ದರೆ ಅದಕ್ಕೆ ದುಡ್ಡು ಯಾಕೆ ಸುರಿಯಬೇಕು? ಹಾಗಾಗಿ 'ನ್ಯಾಚುರಲ್' ಎಂದಿರಲಿ, 'ಹರ್ಬಲ್' ಎಂದಿರಲಿ, ಅದನ್ನು ಬಿಪಿ ಗುಳಿಗೆ, ಶುಗರ್ ಗುಳಿಗೆಯ ಸಾಲಿನಲ್ಲೇ ಇಡಬೇಕು. ಡಾಕ್ಟರಿಗೆ ಹೇಳಬೇಕು. ಈ ಲೇಖನದ ಉಳಿದದ್ದೆಲ್ಲ ಅದು ಯಾಕೆ, ಹೇಗೆ ಎಂಬುದರ ಬಗ್ಗೆ.

ಇಂಥ ಬಾಟಲಿಗಳು ನಮ್ಮ ಮನೆಗಳಿಗೆ ಬರುವ ದಾರಿ ಹಲವು. ಬೆಂಗಳೂರಿನ ಮಗಳು ಆನ್‌ಲೈನಲ್ಲಿ ಆರ್ಡರ್ ಮಾಡುತ್ತಾಳೆ. ಅಮೆರಿಕದಲ್ಲಿರುವ ಮಗ ಬರುವಾಗ ತರುತ್ತಾನೆ. ಭಟ್ಕಳದ ಮನೆಗೆ ದುಬೈಯಿಂದ ಬರುತ್ತದೆ. ಪ್ರೀತಿಯಿಂದ ಬಂದದ್ದು, ಅದಕ್ಕೇ ಯಾರೂ ಪ್ರಶ್ನೆ ಕೇಳುವುದಿಲ್ಲ.

ಮೊದಲು ಮನಸ್ಸು ಯಾಕೆ ಕುಗ್ಗಿದೆ ನೋಡಿ

ಯಾವುದಕ್ಕೂ ಉತ್ಸಾಹ ಇಲ್ಲ, ಸುಸ್ತು, ಮರೆವು, ಸುಮ್ಮಸುಮ್ಮನೆ ಅಳು. ಇಷ್ಟು ಲಕ್ಷಣಕ್ಕೆ ಕಾರಣ ಖಿನ್ನತೆ ಇರಬಹುದು. ಥೈರಾಯ್ಡ್ ಇರಬಹುದು. ಬಿ12 ಕಡಿಮೆ ಆಗಿರಬಹುದು. ರಕ್ತಹೀನತೆ ಇರಬಹುದು. ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಥರ. ಕಾರಣ ತಿಳಿಯದೆ ಬಾಟಲಿ ತೆರೆದರೆ ತಿಂಗಳುಗಳು ಸುಮ್ನೆ ಹೋಗುತ್ತವೆ.

ಬಿ12 ವಿಷಯ ನಮ್ಮ ಜಿಲ್ಲೆಯ ಮಟ್ಟಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಶಿರಸಿ, ಯಲ್ಲಾಪುರ, ಸಿದ್ದಾಪುರದ ಕಡೆ ಮೀನು, ಮೊಟ್ಟೆ ಮುಟ್ಟದ ಮನೆಗಳು ಬಹಳ. ಬಿ12 ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಹಾಲು, ಮೊಸರಲ್ಲಿ ಸ್ವಲ್ಪ ಇದೆ. ಅದನ್ನೂ ಕಡಿಮೆ ಮಾಡಿ ಬರೀ ಚಹಾಕ್ಕೆ ಹಾಕುವಷ್ಟೇ ಹಾಲು ಅಂತಾದರೆ ಕೊರತೆ ಬರುವುದು ಸುಲಭ. ಇದರ ಮೇಲೆ ವರ್ಷಗಟ್ಟಲೆ ಶುಗರಿಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ತಗೊಳ್ಳುತ್ತಿದ್ದರೆ, ತಿಂದದ್ದರಲ್ಲಿರುವ ಬಿ12 ಕೂಡ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅಂಗಾಲು ಜುಂ ಅನ್ನುವುದು, ನಡೆಯುವಾಗ ತೂರಾಡುವುದು, ಮನಸ್ಸು ಮಂಕಾಗುವುದು ಎಲ್ಲ ಇದರಿಂದಲೇ ಬರಬಹುದು. ಪರೀಕ್ಷೆಗೆ ಮುಂಚೆಯೇ ಗುಳಿಗೆ ಶುರು ಮಾಡಿದರೆ ರಕ್ತದಲ್ಲಿ ಮಟ್ಟ ಏರಿ ನಿಜ ಸಂಗತಿ ಮುಚ್ಚಿಹೋಗುತ್ತದೆ. ಬರೀ ಫೋಲಿಕ್ ಆಸಿಡ್ ನುಂಗಿದರಂತೂ ಇನ್ನೂ ಕಷ್ಟ. ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರ ಕೆಡುವುದು ಮುಂದುವರಿಯುತ್ತದೆ.

ಥೈರಾಯ್ಡ್ ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಕೂದಲು, ಉಗುರಿಗೆ ಎಂದು ಮಾರುವ ಗುಳಿಗೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಬಹಳ ಜಾಸ್ತಿ ಇರುತ್ತದೆ. ಅದು ಲ್ಯಾಬಿನ ಕೆಲವು ಪರೀಕ್ಷೆಗಳನ್ನೇ ತಪ್ಪಿಸುತ್ತದೆ. ಥೈರಾಯ್ಡ್ ಸರಿಯಿದ್ದವರಿಗೂ ಅದು ವಿಪರೀತ ಕೆಲಸ ಮಾಡುತ್ತಿದೆ ಎಂಬ ರಿಪೋರ್ಟ್ ಬರಬಹುದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆಯೂ ಇದರಿಂದ ತಪ್ಪಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ಬಯೋಟಿನ್ ಜಾಸ್ತಿ ಇರುವ ಗುಳಿಗೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ. ಸಾಮಾನ್ಯವಾಗಿ ಎರಡು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ವಿಟಮಿನ್ ಡಿ ಬಗ್ಗೆ ಜನರಿಗೆ ಇರುವ ನಂಬಿಕೆ ದೊಡ್ಡದು. ಕೊರತೆ ಇದ್ದವರಿಗೆ ಅದು ಬೇಕು, ಸಂಶಯವಿಲ್ಲ. ಆದರೆ ಖಿನ್ನತೆ ಬರದಂತೆ ತಡೆಯುತ್ತದೆಯೇ? 50 ದಾಟಿದ 18,353 ಜನರ ಮೇಲೆ ಅಮೆರಿಕದಲ್ಲಿ ಐದು ವರ್ಷ ನಡೆದ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ದಿನಕ್ಕೆ 2,000 ಯೂನಿಟ್ ಡಿ ತಗೊಂಡವರಿಗೂ ಔಷಧವೇ ಇಲ್ಲದ ಖಾಲಿ ಗುಳಿಗೆ ತಗೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಅಪಾಯ ಇರುವುದು ನಮ್ಮಲ್ಲಿ ಸಿಗುವ 60,000 ಯೂನಿಟ್‌ನ ಸ್ಯಾಶೆ, ಕ್ಯಾಪ್ಸೂಲ್‌ಗಳಲ್ಲಿ. ಅದು ವಾರಕ್ಕೊಂದು, ಅದೂ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ಚೀಟಿ ಸರಿಯಾಗಿ ಓದದೆ ದಿನಕ್ಕೊಂದು ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಕಡೆಗೆ ಕಿಡ್ನಿಗೂ ಪೆಟ್ಟು. ಮನಸ್ಸೂ ಗಲಿಬಿಲಿಯಾಗುತ್ತದೆ. ಆಗ ಮನೆಯವರು 'ಡಿಪ್ರೆಶನ್ ಜಾಸ್ತಿ ಆಯಿತು' ಎಂದುಕೊಂಡು ಇನ್ನೊಂದು ಸ್ಯಾಶೆ ಕೊಟ್ಟರೆ ಏನಾಗಬೇಡ!

ಸೆರೊಟೊನಿನ್ ಲೆಕ್ಕ ತಪ್ಪಿದಾಗ

ಯುರೋಪಿನ ಹಳದಿ ಹೂವಿನ ಒಂದು ಗಿಡ ಇದೆ, ಸೇಂಟ್ ಜಾನ್ಸ್ ವರ್ಟ್. ಮನಸ್ಸಿಗೆ ಎಂದು ಮಾರುವ ಸಪ್ಲಿಮೆಂಟ್‌ಗಳಲ್ಲಿ ಇದರಷ್ಟು ಅಧ್ಯಯನಗೊಂಡದ್ದು ಕಡಿಮೆ. 29 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2008ರ ಒಂದು ಪರಿಶೀಲನೆ, ಇದು ಖಾಲಿ ಗುಳಿಗೆಗಿಂತ ಮೇಲು, ಖಿನ್ನತೆಯ ಸಾಮಾನ್ಯ ಔಷಧಗಳಿಗೆ ಹೆಚ್ಚುಕಡಿಮೆ ಸಮ ಎಂದಿತು. ಅಂದರೆ ಇದು ಕೆಲಸ ಮಾಡುತ್ತದೆ. ಕೆಲಸ ಮಾಡುವುದರಿಂದಲೇ ಇದರ ಬಗ್ಗೆ ಜಾಸ್ತಿ ಎಚ್ಚರ ಬೇಕು.

ನಾವು ನುಂಗುವ ಬಹಳಷ್ಟು ಔಷಧಗಳನ್ನು ಲಿವರಿನ ಕಿಣ್ವಗಳು ಒಡೆದು ಹೊರಗೆ ಹಾಕುತ್ತವೆ. ಈ ಗಿಡದಲ್ಲಿರುವ ಹೈಪರ್‌ಫೋರಿನ್ ಎಂಬ ಅಂಶ ಆ ಕಿಣ್ವಗಳನ್ನು ಹೆಚ್ಚು ಮಾಡುತ್ತದೆ. ಅಡಿಕೆ ಸುಲಿಯಲು ಎಂಟು ಜನ ಇದ್ದ ಅಂಗಳದಲ್ಲಿ ಇಪ್ಪತ್ತು ಜನ ಕೂತರೆ ರಾಶಿ ಎಷ್ಟು ಬೇಗ ಕರಗುತ್ತದೆ, ಹಾಗೆ ಔಷಧ ಕರಗುತ್ತದೆ. ಗರ್ಭನಿರೋಧಕ ಗುಳಿಗೆ ತಗೊಳ್ಳುತ್ತಿದ್ದರೂ ಗರ್ಭ ನಿಲ್ಲಬಹುದು. ಹೃದಯದ ವಾಲ್ವ್ ಬದಲಿಸಿಕೊಂಡವರಿಗೆ ಕೊಡುವ ವಾರ್ಫರಿನ್ ಸಾಲದೆ ರಕ್ತ ಹೆಪ್ಪುಗಟ್ಟಬಹುದು. ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸಬಹುದು. ಎಚ್‌ಐವಿ ಔಷಧಗಳು ಸೋಲಬಹುದು. ಬಾಟಲಿ ಬಿಟ್ಟ ಮರುದಿನವೇ ಇದೆಲ್ಲ ಸರಿಹೋಗುವುದಿಲ್ಲ. ಕಿಣ್ವಗಳು ಹಳೆಯ ಮಟ್ಟಕ್ಕೆ ಬರಲು ಒಂದೆರಡು ವಾರ ಬೇಕು.

ಎರಡನೆಯ ಅಪಾಯ ಸೆರೊಟೊನಿನ್‌ನದು. ನರಕೋಶಗಳ ನಡುವೆ ಸುದ್ದಿ ಸಾಗಿಸುವ ರಾಸಾಯನಿಕ ಇದು. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್ ಮುಂತಾದ ಖಿನ್ನತೆಯ ಗುಳಿಗೆಗಳು ಅದು ಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಸೇಂಟ್ ಜಾನ್ಸ್ ವರ್ಟ್ ಕೂಡ ಅದನ್ನೇ ಮಾಡುತ್ತದೆ. '5-ಎಚ್‌ಟಿಪಿ' ಎಂದು ಮಾರುವ ಸಪ್ಲಿಮೆಂಟ್ ಅಂತೂ ಸೆರೊಟೊನಿನ್ ತಯಾರಾಗುವ ಕಚ್ಚಾ ವಸ್ತುವೇ. ಇವನ್ನು ಒಟ್ಟಿಗೆ ತಗೊಂಡರೆ ಸೆರೊಟೊನಿನ್ ಮಿತಿಮೀರಬಹುದು. ಕೈಕಾಲು ನಡುಗುತ್ತದೆ, ಬೆವರು ಸುರಿಯುತ್ತದೆ, ಭೇದಿಯಾಗುತ್ತದೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಒಂದೆಡೆ ಕೂರಲಾಗದ ಚಡಪಡಿಕೆ. ಜೋರಾದರೆ ಜ್ವರ ಏರಿ ಮೈ ಸೆಟೆಯುತ್ತದೆ. ಹೆಚ್ಚಿನವರಲ್ಲಿ ಇದು ಒಂದು ದಿನದೊಳಗೇ ಕಾಣಿಸಿಕೊಳ್ಳುತ್ತದೆ. ಕಾಯುತ್ತ ಕೂರುವ ಕಾಯಿಲೆ ಅಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ನೋವಿಗೆ ಕೊಡುವ ಟ್ರಮಡಾಲ್, ಒಣಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಇನ್ನು, ಮನಸ್ಸು ಕೆಲವು ತಿಂಗಳು ಕುಗ್ಗಿ, ಕೆಲವು ದಿನ ವಿಪರೀತ ಏರುವ ಬೈಪೋಲಾರ್ ಕಾಯಿಲೆ ಇದ್ದವರು ಇಂಥ ಯಾವುದನ್ನೂ ಸ್ವಂತಕ್ಕೆ ಮುಟ್ಟಬಾರದು. ಸೇಂಟ್ ಜಾನ್ಸ್ ವರ್ಟ್ ಆಗಲಿ, ಮನಸ್ಸಿಗೆಂದು ಮಾರುವ ಇನ್ನೊಂದು ಸಪ್ಲಿಮೆಂಟ್ 'ಸ್ಯಾಮ್‌-ಇ' ಆಗಲಿ, ಅವರ ಮನಸ್ಸನ್ನು ಆ ಏರುವ ಕಡೆಗೆ ದೂಡಬಹುದು.

ಇಷ್ಟೆಲ್ಲ ಅಪಾಯ ಇದ್ದೂ ಡಾಕ್ಟರಿಗೆ ಸುಳಿವೇ ಸಿಗದಿರುವುದು ಹೇಗೆ? ನಮ್ಮ ಯಾವ ಆಸ್ಪತ್ರೆಯ ಕೋಣೆಯಲ್ಲಾದರೂ ಈ ಮಾತು ಕೇಳಬಹುದು.

'ಬೇರೆ ಏನಾದ್ರೂ ಗುಳಿಗೆ ತಗೊಳ್ತೀರಾ ಅಮ್ಮಾ?'

'ಇಲ್ಲ ಡಾಕ್ಟ್ರೇ, ಬಿಪಿದು ಒಂದೇ.'

'ಮನೆಮದ್ದು, ಆಯುರ್ವೇದ, ಮಕ್ಕಳು ಕಳಿಸಿದ್ದು?'

'ಓ, ಅದಾ? ಮಗ ತಂದುಕೊಟ್ಟ ವಿಟಮಿನ್ ಇದೆ. ರಾತ್ರಿ ಎರಡು ತಗೊಳ್ತೇನೆ. ಅದಕ್ಕೇನೂ ಸೈಡ್ ಎಫೆಕ್ಟ್ ಇಲ್ಲವಂತೆ.'

ಎರಡನೆಯ ಪ್ರಶ್ನೆ ಎಲ್ಲ ಡಾಕ್ಟರೂ ಕೇಳುವುದಿಲ್ಲ. ಹೊರಗೆ ಅರವತ್ತು ಜನ ಸಾಲು ನಿಂತಿರುವಾಗ ಕೇಳಲು ಪುರಸೊತ್ತೂ ಇರುವುದಿಲ್ಲ. ಕೇಳದಿದ್ದರೂ ನಾವೇ ಹೇಳಬೇಕು. ಹೆಸರು ನೆನಪಿರುವುದಿಲ್ಲ ಅಲ್ವಾ, ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಥವಾ ಹಿಂದಿನ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿರಲಿ.

ನಮ್ಮದೇ ಗಿಡಗಳು

ಅಶ್ವಗಂಧದ ಬೇರಿನ ಪುಡಿಯನ್ನು ಹಾಲಿಗೆ ಹಾಕಿ ಕುಡಿಯುವುದು ಹಳೆಯ ರೂಢಿ. ಈಗ ಸಿಗುವ ಕ್ಯಾಪ್ಸೂಲ್‌ಗಳಲ್ಲಿ ಹೆಚ್ಚಿನವು ಸಾಂದ್ರ ಸಾರ. ಒತ್ತಡ, ನಿದ್ದೆಗೆ ಇದರಿಂದ ಸ್ವಲ್ಪ ಅನುಕೂಲ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅವು ಹೆಚ್ಚಾಗಿ ಎರಡು ಮೂರು ತಿಂಗಳವು. ವರ್ಷಗಟ್ಟಲೆ ತಗೊಂಡರೂ ಸುರಕ್ಷಿತ ಎನ್ನಲು ಅಷ್ಟು ಸಾಲದು. ಲಿವರಿಗೆ ತೊಂದರೆಯಾದ ಪ್ರಕರಣಗಳು ಇದರಲ್ಲೂ ವರದಿಯಾಗಿವೆ. ಥೈರಾಯ್ಡ್ ಹಾರ್ಮೋನನ್ನು ಇದು ಏರಿಸಬಲ್ಲದು. ಹಾಗಾಗಿ ಥೈರಾಯ್ಡ್ ಗುಳಿಗೆ ತಗೊಳ್ಳುವವರು ಹೇಳದೆ ಶುರು ಮಾಡಬಾರದು. ಗರ್ಭಿಣಿಯರಿಗೆ ಬೇಡವೇ ಬೇಡ. ನಿದ್ದೆ ಗುಳಿಗೆ ಅಥವಾ ಮದ್ಯದ ಜೊತೆ ಮಂಪರು ಜಾಸ್ತಿ. ಡೆನ್ಮಾರ್ಕ್ ದೇಶ 2023ರಲ್ಲಿ ಇದನ್ನು ನಿಷೇಧಿಸಿದೆ. ನಾವೂ ನಿಷೇಧಿಸಬೇಕು ಎಂದು ನನಗೆ ಅನಿಸುವುದಿಲ್ಲ. ಬಲ್ಲ ವೈದ್ಯರು ನಾಡಿ ನೋಡಿ, ಪ್ರಮಾಣ ಹೇಳಿ ಕೊಡುವುದಕ್ಕೂ, ಮೊಬೈಲಿನ ಜಾಹೀರಾತು ನೋಡಿ ತರಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಎನ್ನುತ್ತೇನೆ ಅಷ್ಟೇ.

ಒಂದೆಲಗದ ತಂಬುಳಿಗೆ ಯಾವ ತಕರಾರೂ ಇಲ್ಲ, ಹಿತ್ತಲಿನ ನಾಲ್ಕು ಎಲೆ ಕೊಯ್ದು ತೆಂಗಿನಕಾಯಿ, ಮಜ್ಜಿಗೆ ಸೇರಿಸಿ ಉಣ್ಣಿ. ಅದೇ ಒಂದೆಲಗದ ಸಾರದ ಗುಳಿಗೆ ತಗೊಂಡು ಲಿವರ್ ಕೆಟ್ಟ ಅಪರೂಪದ ಪ್ರಕರಣಗಳಿವೆ ಎಂಬುದೂ ನೆನಪಿರಲಿ. ಬ್ರಾಹ್ಮಿ ಎಂಬ ಹೆಸರಲ್ಲಿ ಒಂದೆಲಗವೂ ಬರುತ್ತದೆ, ನೀರುಬ್ರಾಹ್ಮಿಯೂ ಬರುತ್ತದೆ. ಬಾಟಲಿಯಲ್ಲಿ ಯಾವುದಿದೆ ನೋಡಿಯೇ ತಗೊಳ್ಳಿ.

ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ನಸುಗುನ್ನಿ ಬೀಜದ್ದು ಬೇರೆ ಕತೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಾಗಿ ಬದಲಾಗುವ ಲೆವೊಡೋಪಾ ಇದರಲ್ಲಿದೆ. ಪಾರ್ಕಿನ್ಸನ್ ಕಾಯಿಲೆಗೆ ಡಾಕ್ಟರು ಅಳತೆ ಮಾಡಿ ಕೊಡುವ ಔಷಧವೂ ಇದೇ. 'ಡೋಪಮಿನ್ ಏರಿಸುತ್ತದೆ, ಉಲ್ಲಾಸ ತರುತ್ತದೆ' ಎಂದು ಈಗ ಅದನ್ನು ಕ್ಯಾಪ್ಸೂಲ್ ಮಾಡಿ ಮಾರುತ್ತಾರೆ. ಪಾರ್ಕಿನ್ಸನ್ ಗುಳಿಗೆ ತಗೊಳ್ಳುವವರಿಗೆ ಅದೇ ಔಷಧ ಎರಡು ಪಟ್ಟು ಆಗುತ್ತದೆ. ಮನೋವೈದ್ಯರ ಚಿಕಿತ್ಸೆಯಲ್ಲಿ ಇರುವವರಿಗೆ, ಅದರಲ್ಲೂ ಭ್ರಮೆಯ ಕಾಯಿಲೆ ಇದ್ದವರಿಗೆ, ಕಾಯಿಲೆ ಕೆರಳಬಹುದು.

ಬಾಟಲಿಯ ಹಿಂದೆ ಏನಿದೆ

ಸಪ್ಲಿಮೆಂಟ್ ನಮ್ಮಲ್ಲಿ ಔಷಧದ ಕಾಯ್ದೆಯಡಿ ಅಲ್ಲ, ಆಹಾರದ ಕಾಯ್ದೆಯಡಿ ಬರುತ್ತದೆ. ಹಾಗಾಗಿ ಲೇಬಲ್ಲಿನಲ್ಲಿ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಇದು ಔಷಧಿಯಾಗಿ ಬಳಸಲು ಅಲ್ಲ ಎಂದೂ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಮುಂದೆ 'ಡಿಪ್ರೆಶನ್ ಮಾಯ' ಎಂದು ಹೇಳಿ ಹಿಂದೆ ಈ ಮಾತು ಬರೆದಿದ್ದರೆ, ಹಿಂದಿನದನ್ನು ನಂಬಿ. ಆಯುರ್ವೇದ ಔಷಧವಾದರೆ ಆಯುಷ್ ತಯಾರಿಕಾ ಲೈಸೆನ್ಸ್ ನಂಬರ್ ಇರುತ್ತದೆ.

ಮೀನೆಣ್ಣೆಯ ಒಂದು ಬಾಟಲಿ ಕೈಗೆ ತಗೊಳ್ಳಿ. ಮುಂದೆ ದೊಡ್ಡದಾಗಿ '1000 ಮಿಲಿಗ್ರಾಂ'. ಹಿಂದೆ ತಿರುಗಿಸಿದರೆ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಅಂದರೆ 1000ದಲ್ಲಿ ಇವೆರಡೂ ಸೇರಿ ನಮಗೆ ಬೇಕಾದ ಒಮೆಗಾ-3 ಕೊಬ್ಬು 300 ಮಾತ್ರ, ಉಳಿದದ್ದು ಬೇರೆ ಎಣ್ಣೆ. ಕೆಲವು ಬಾಟಲಿಗಳಲ್ಲಿ ಇದನ್ನೇ 'ಒಂದು ಸರ್ವಿಂಗ್‌ಗೆ 360, 240' ಎಂದು ಬರೆದು, ಒಂದು ಸರ್ವಿಂಗ್ ಎಂದರೆ ಎರಡು ಕ್ಯಾಪ್ಸೂಲ್ ಎಂದು ಮೂಲೆಯಲ್ಲಿ ಹೇಳಿರುತ್ತಾರೆ. ಖಿನ್ನತೆಯ ಅಧ್ಯಯನಗಳಲ್ಲಿ ಸ್ವಲ್ಪವಾದರೂ ಫಲ ಕಂಡದ್ದು ಇಪಿಎ ಹೆಚ್ಚಿದ್ದ, ದಿನಕ್ಕೆ ಸುಮಾರು 1 ಗ್ರಾಂ ಇಪಿಎ ಕೊಟ್ಟಲ್ಲಿ. 180ರ ಕ್ಯಾಪ್ಸೂಲಿನಲ್ಲಿ ಅಷ್ಟು ಬೇಕಾದರೆ ಐದಾರು ನುಂಗಬೇಕು. ಅಷ್ಟಕ್ಕೆ ಹೋಗುವ ಮೊದಲು ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು, ಎದೆಬಡಿತ ಏರುಪೇರಾಗುವವರು ಡಾಕ್ಟರನ್ನು ಕೇಳಲೇಬೇಕು. ಕಾರವಾರ, ಅಂಕೋಲಾ, ಕುಮಟಾದಲ್ಲಿ ವಾರಕ್ಕೆ ಎರಡು ಸಲ ಬಂಗಡೆ, ತಾರ್ಲೆ ತಿನ್ನುವ ಮನೆಗೆ ಒಮೆಗಾ-3 ಬಟ್ಟಲಿಗೇ ಬರುತ್ತಿದೆ, ಅದೂ ಎಷ್ಟು ರುಚಿಯಾಗಿ!

ಸಸ್ಯಾಹಾರಿಗಳು ಹಸಿರು ಚುಕ್ಕಿ ನೋಡಿ. ಮೆತ್ತನೆಯ ಕ್ಯಾಪ್ಸೂಲ್‌ಗಳಲ್ಲಿ ಹೆಚ್ಚಿನವು ಜೆಲಟಿನ್‌ನವು, ಅದು ಪ್ರಾಣಿಗಳ ಎಲುಬು, ಚರ್ಮದಿಂದ ಬರುವಂಥದ್ದು.

ಬರೆದಷ್ಟೇ ಒಳಗಿರುತ್ತದೆ ಎಂಬ ಭರವಸೆಯೂ ಇಲ್ಲ. ನಿದ್ದೆಗೆಂದು ಅಮೆರಿಕದಲ್ಲಿ ಮಾರುವ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು 2023ರಲ್ಲಿ ಪರೀಕ್ಷಿಸಿದಾಗ 22ರ ಲೇಬಲ್ ತಪ್ಪಿತ್ತು. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ವಿದೇಶದ ಬಾಟಲಿ ಎಂದ ಮಾತ್ರಕ್ಕೆ ಅದು ಶುದ್ಧ ಎಂದುಕೊಳ್ಳಬೇಡಿ.

ತಗೊಳ್ಳುವುದೇ ಎಂದಾದರೆ

ಒಂದು ಸಲಕ್ಕೆ ಒಂದೇ. ಮೂರು ಒಟ್ಟಿಗೆ ಶುರು ಮಾಡಿದರೆ ಒಳ್ಳೆಯದಾದದ್ದು ಯಾವುದರಿಂದ, ತುರಿಕೆ ಬಂದದ್ದು ಯಾವುದರಿಂದ, ಗೊತ್ತೇ ಆಗುವುದಿಲ್ಲ. ಶುರು ಮಾಡಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ನಿದ್ದೆ, ಹಸಿವು, ಮನಸ್ಸು ಹೇಗಿದೆ ಎಂದು ವಾರಕ್ಕೊಮ್ಮೆ ಅದರಲ್ಲೇ ಒಂದು ಸಾಲು. ಆರು ವಾರದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಪ್ರಮಾಣ ಏರಿಸುವುದಲ್ಲ, ಡಾಕ್ಟರನ್ನು ಕಾಣುವುದು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ತುರಿಸಿದರೆ, ಊಟ ಕಂಡರೆ ಓಕರಿಕೆ ಬಂದರೆ ಅದು ಲಿವರಿನ ಕೂಗು. ಅವತ್ತೇ ನಿಲ್ಲಿಸಿ, ತೋರಿಸಿ.

ಹೊತ್ತಿನ ಬಗ್ಗೆಯೂ ಗಮನ ಇರಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಗುಳಿಗೆ ತಗೊಂಡವರು ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸು ಬಿಡಬೇಕು. ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮಳೆಗಾಲದಲ್ಲಿ ಗದ್ದೆಗೆ ಇಳಿದು ಇಲಿಜ್ವರ ಬಂದವರಿಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರಲ್ಲ, ಅದನ್ನೂ ಮೆಗ್ನೀಸಿಯಂ, ಕಬ್ಬಿಣದ ಜೊತೆ ನುಂಗಿದರೆ ಔಷಧದ ಬಲ ಕುಗ್ಗುತ್ತದೆ. ನಡುವೆ ಎಷ್ಟು ತಾಸು ಬಿಡಬೇಕೆಂದು ಮೆಡಿಕಲ್‌ನಲ್ಲಿ ಕೇಳಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರಿಗೆ ಮೆಗ್ನೀಸಿಯಂ ಮೈಯಲ್ಲೇ ಉಳಿದು ಅಪಾಯ. ಆಪರೇಶನ್ ಇದ್ದರೆ ಗಿಡಮೂಲಿಕೆಯ ಸಾರಗಳನ್ನು ಎರಡು ವಾರ ಮೊದಲೇ ನಿಲ್ಲಿಸಲು ಹೇಳುವುದು ರೂಢಿ. ಅರಿವಳಿಕೆ ಕೊಡುವ ಡಾಕ್ಟರಿಗೆ ಮರೆಯದೆ ಹೇಳಿ. ಗರ್ಭಿಣಿ, ಬಾಣಂತಿ, ಮಕ್ಕಳಿಗೆ ಸ್ವಂತ ನಿರ್ಧಾರದಲ್ಲಿ ಯಾವುದನ್ನೂ ಕೊಡಬೇಡಿ.

ಡಾಕ್ಟರು ಕೊಟ್ಟ ಖಿನ್ನತೆಯ ಗುಳಿಗೆಯನ್ನು ಬಿಟ್ಟು 'ನ್ಯಾಚುರಲ್' ಹಿಡಿಯುತ್ತೇನೆ ಎನ್ನುವವರಿಗೆ ಕೈಮುಗಿದು ಹೇಳುತ್ತೇನೆ, ದಿಢೀರನೆ ನಿಲ್ಲಿಸಬೇಡಿ. ತಲೆಸುತ್ತು, ಚಡಪಡಿಕೆ ಬರುತ್ತದೆ, ಕಾಯಿಲೆ ಮರುಕಳಿಸಬಹುದು. ಬದಲಿಸುವುದಿದ್ದರೆ ನಡುವೆ ಬಿಡಬೇಕಾದ ದಿನಗಳ ಲೆಕ್ಕವಿದೆ. ಫ್ಲುಯೊಕ್ಸೆಟಿನ್ ಆದರೆ ಅದು ಸುಮಾರು ಐದು ವಾರ. ಅದನ್ನು ಡಾಕ್ಟರೇ ಹಾಕಿಕೊಡಬೇಕು.

ಕುಗ್ಗಿದ ಮನಸ್ಸು ಎರಡು ವಾರವಾದರೂ ಏಳದಿದ್ದರೆ, ಕೆಲಸ, ಊಟ, ನಿದ್ದೆ ಕೆಟ್ಟಿದ್ದರೆ ಸಪ್ಲಿಮೆಂಟಿನಿಂದ ಆಗುವ ಕೆಲಸ ಅಲ್ಲ. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಘಟ್ಟದ ಮೇಲಿನವರು ಅಷ್ಟು ದೂರ ಇಳಿಯುವ ಮೊದಲು, ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ.

ಸಪ್ಲಿಮೆಂಟಿನಿಂದಲೋ ಗುಳಿಗೆಯಿಂದಲೋ ತೊಂದರೆಯಾಗಿದೆ ಎನಿಸಿದರೆ ಬಾಟಲಿಯನ್ನು ಸಿಟ್ಟಿನಿಂದ ಎಸೆಯಬೇಡಿ. ಡಾಕ್ಟರಿಗೆ ಬ್ಯಾಚ್ ನಂಬರ್, ಒಳಗಿನ ವಸ್ತುಗಳ ಪಟ್ಟಿ ಎರಡೂ ಬೇಕಾಗುತ್ತದೆ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿಯ ನಂಬರ್ 1800-180-3024. ಅಲ್ಲಿಗೆ ರೋಗಿಗಳೇ ನೇರವಾಗಿ ಫೋನ್ ಮಾಡಬಹುದು, ಡಾಕ್ಟರ ಚೀಟಿ ಬೇಕಿಲ್ಲ.